ದಾರ ನಿಂತ ಗಳಿಗೆ

ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ, ಹಾಲು ತೆಗೆದುಕೊಳ್ಳಲೆಂದು ಅವಳು ಮುಂಬಾಗಿಲು ತೆರೆದಾಗ ಅದರ ಹಿಂದೆ ಒರಗಿಸಿಟ್ಟಿದ್ದ ಗಾಳದ ಕೋಲು ಜಾರಿ ಅವಳ ಭುಜದ ಮೇಲೆ ಬಿತ್ತು. ನೋವಾಗಲಿಲ್ಲ. ಕೋಲು ಅಷ್ಟು ಹಗುರ ಎಂದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಆ ಬಾಗಿಲನ್ನು ಯಾರಾದರೊಬ್ಬರು ತೆರೆದೇ ಇಟ್ಟಿದ್ದರು; ಬಂದವರ ಚಪ್ಪಲಿ, ಬೂಟು, ಕೊಡೆಗಳ ನಡುವೆ ಕೋಲು ಗೋಡೆಗೆ ಒತ್ತಿಕೊಂಡು ಯಾರ ಕಣ್ಣಿಗೂ ಬೀಳದೆ ನಿಂತಿತ್ತು. ಈಗ ಅದರ ತುದಿ ಅಂಗಳದ ಕಡೆ ಚಾಚಿ ಮೆಲ್ಲಗೆ ಅಲುಗುತ್ತಿತ್ತು. ಹಿಡಿಯ ಮೇಲಿನ ಸಣ್ಣ ಬಳೆಗೆ ಸಿಕ್ಕಿಸಿದ್ದ ಗಾಳ ಬಿಡಿಸಿಕೊಂಡು ಅವಳ ಸ್ವೆಟರಿನ ತೋಳಿಗೆ ಕಚ್ಚಿತ್ತು. ಗೋಧಿಕಾಳಿನಷ್ಟು ಉದ್ದದ ಗಾಳ. ಅದರ ಮೈಗೆ ಕಂದು ನೂಲು, ನೂಲಿನ ಮೇಲೆ ತಾಮ್ರದ ತಂತಿ. ಮೀನನ್ನು ಮರುಳುಮಾಡಲು ಕಟ್ಟಿದ ಸುಳ್ಳು ಹುಳು. ಅವಳು ಹಾಲನ್ನು ಹೊರಗೇ ಬಿಟ್ಟು ಹೊಸಿಲ ಮೇಲೆ ನಿಂತು ಅದನ್ನು ನೋಡಿದಳು. ಬಾಗಿಲ ಅಗುಳಿ ಅವಳ ಕೈಯ ಕೆಳಗೆ ತಣ್ಣಗಿತ್ತು.

ಆ ಕೊನೆಯ ಬೆಳಿಗ್ಗೆ ಗಂಡನ ಕೈಯೂ ಇದೇ ಅಗುಳಿಯ ಮೇಲಿತ್ತು. ಸಂಜೆ ಕೋಲು ಕೊಟ್ಟು ಬರಬೇಕು, ಎಂದ. ಹಾಗೆ ಹೇಳಿ ಅಗುಳಿ ತೆಗೆಯಲಿಲ್ಲ. ಇನ್ನೊಂದು ಕೈಯಲ್ಲಿ ದವಡೆ ಸವರುತ್ತಾ ನಿಂತ. ಹೆರೆದ ಗಡ್ಡ ಸರಿಯಾಗಿದೆಯೇ ಎಂದು ಕನ್ನಡಿ ಇಲ್ಲದೆ ನೋಡಿಕೊಳ್ಳುವವರ ಹಾಗೆ. ಅವಳು ಒಲೆಯ ಹತ್ತಿರದಿಂದ ಅದನ್ನು ನೋಡಿದಳು. ನೋಡಲಿಲ್ಲ ಎಂದು ಹೇಳಿಕೊಳ್ಳುವ ಅನುಕೂಲ ಅವಳಿಗಿರಲಿಲ್ಲ. ಏನು ಎಂದು ಕೇಳಬಹುದಿತ್ತು; ಬಾಯಿ ತೆರೆಯುವ ಮೊದಲೇ ಅವನು ಅಗುಳಿ ಸರಿಸಿ ಹೊರಟ. ಲಿಫ್ಟುಗಳನ್ನು ತಪಾಸಣೆ ಮಾಡುವುದು ಅವನ ಕೆಲಸ. ಆ ಮಧ್ಯಾಹ್ನ ಒಂದು ಎತ್ತರದ ಕಟ್ಟಡದಲ್ಲಿ ಲಿಫ್ಟು ನಿಲ್ಲಿಸಿ, ಬಾಗಿಲಿಗೆ 'ಬಳಸಬೇಡಿ' ಎಂಬ ಹಲಗೆ ತೂಗುಹಾಕಿ, ಮೇಲಿನ ಯಂತ್ರದ ಕೋಣೆಗೆ ಮೆಟ್ಟಿಲು ಹತ್ತಿ ಹೋಗುವಾಗ ಕುಸಿದು ಕೂತನಂತೆ. ಹೃದಯ, ಎಂದರು. ಬಂದವರು ಆ ಹಲಗೆಯ ವಿಷಯವನ್ನು ಮತ್ತೆ ಮತ್ತೆ ಹೇಳಿದರು. ತಾನೇ ನಿಲ್ಲಿಸಿದ ಲಿಫ್ಟು ನೋಡಿ, ಎಂದರು. ಅವಳಿಗೆ ಲಿಫ್ಟಿನ ಕಥೆ ಬೇಕಿರಲಿಲ್ಲ. ಅಗುಳಿಯ ಮೇಲೆ ಆ ಕೈ ಯಾಕೆ ನಿಂತಿತು, ಅದಷ್ಟೇ ಬೇಕಿತ್ತು. ಅದನ್ನು ಯಾರ ಹತ್ತಿರವೂ ಕೇಳುವ ಹಾಗಿರಲಿಲ್ಲ. ಕೇಳಿದರೆ, ನೀನು ನೋಡಿದೆಯಾ ಎಂದು ಅವರು ತಿರುಗಿ ಕೇಳುತ್ತಾರೆ.

ಅತ್ತೆ ಎದ್ದು ಬಂದರು. ಮಗ ಹೋದ ಮೇಲೆ ಅವರ ನಡಿಗೆ ಬದಲಾಗಿತ್ತು. ಪರರ ಮನೆಯಲ್ಲಿ ಕತ್ತಲಲ್ಲಿ ನಡೆಯುವವರಂತೆ ಗೋಡೆ ಮುಟ್ಟಿಕೊಂಡು ನಡೆಯುತ್ತಿದ್ದರು. ಕೋಲನ್ನು ಕಂಡವರೇ ಹತ್ತಿರ ಬಂದು ಅದರ ಹಿಡಿಯನ್ನು, ಮಗನ ಬೆವರಿಗೆ ಕಪ್ಪಾಗಿದ್ದ ಕಾರ್ಕಿನ ಭಾಗವನ್ನು, ಹೆಬ್ಬೆರಳಿನಿಂದ ಉಜ್ಜಿದರು.

"ಎಲ್ಲಿತ್ತೋ ಅಲ್ಲೇ ಇರಲಿ ಬಿಡು. ಅವನು ಇಟ್ಟದ್ದು," ಎಂದರು.

ಅದು ಅವರದಲ್ಲ ಅತ್ತೆ, ಹಲ್ಲಿನ ಡಾಕ್ಟರದು, ಎರವಲು ತಂದದ್ದು, ಎಂದು ಅವಳು ಹೇಳಿದಳು.

"ಡಾಕ್ಟ್ರು ಕೇಳಿದ್ರಾ?"

"ಇಲ್ಲ."

"ಮತ್ತೆ? ಸತ್ತವನ ಮನೆ ಬಾಗಿಲಿಗೆ ಬಂದು ಯಾರು ಕೇಳ್ತಾರೆ? ಕೇಳದೆ ಇದ್ರೂ ಕೊಡೋ ಅಷ್ಟು ಅವಸರ ಏನು ನಿಂಗೆ?" ಆಮೇಲೆ, ದನಿ ಏರಿಸದೆ, "ಅಷ್ಟು ಓದಿದೀಯ. ಕಣ್ಣಲ್ಲಿ ಒಂದು ಹನಿ ಬರಲಿಲ್ಲ ನೋಡು. ನಾನು ಏನೂ ಅನ್ನಲ್ಲಮ್ಮ. ಬಂದವರು ಅಂದ್ರು."

ಬಂದವರು ಅಂದದ್ದು ಅವಳಿಗೂ ಕೇಳಿಸಿತ್ತು. ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಯಾರೋ, ಪಾಪ ಕಲ್ಲಾಗಿಬಿಟ್ಟಿದ್ದಾಳೆ ಎಂದಿದ್ದರು. ಇನ್ನೊಬ್ಬರು, ಕಲ್ಲಾಗೋಕೆ ಮುಂಚೆ ಏನಾಗಿದ್ದಳೋ ಎಂದಿದ್ದರು. ಇಬ್ಬರೂ ಸಣ್ಣಗೆ ನಕ್ಕಿದ್ದರು. ಅವಳು ಬಾಗಿಲ ಈಚೆ ಇನ್ನಷ್ಟು ಲೋಟಗಳನ್ನು ಹಿಡಿದು ನಿಂತಿದ್ದಳು, ಅವು ತಟ್ಟೆಯಲ್ಲಿ ಸದ್ದು ಮಾಡದಂತೆ.

ಕೊಡಲೇಬೇಕಿತ್ತು. ಸಂಜೆ ಕೊಟ್ಟು ಬರಬೇಕು ಎಂಬುದು ಅವನ ಕೊನೆಯ ಮಾತು, ಮತ್ತು ಆ ಮಾತಿನ ಹಿಂದೆ ಇನ್ನೊಂದು ಇತ್ತು ಎಂದು ಅವಳಿಗೆ ಈ ದಿನಗಳಲ್ಲಿ ಗಟ್ಟಿಯಾಗುತ್ತಾ ಬಂದಿತ್ತು. ಯಾಕೆ ಕೊಡಬೇಕು? ಭಾನುವಾರವಷ್ಟೇ ನದಿಗೆ ಹೋಗಿ ಬಂದಿದ್ದ. ಮುಂದಿನ ಭಾನುವಾರ ಬೇಡವೇ? ಅವನು ಮೀನು ಹಿಡಿಯುವುದನ್ನು ಬಿಡಲು ನಿರ್ಧರಿಸಿದ್ದನೆಂದರೆ ಅದಕ್ಕೆ ಕಾರಣ ಅವಳೇ. ಮನೆಗೆ ಊಟಕ್ಕೆ ಬಂದಿದ್ದ ಅವನ ಕಚೇರಿಯವರು, ನಿಮ್ಮ ಮನೆಯಲ್ಲಿ ದಿನಾ ಮೀನೇ ಇರಬೇಕಲ್ಲ ಎಂದು ತಮಾಷೆ ಮಾಡಿದಾಗ ಅವಳು, ಇವರದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆಯೋ ಕೆಲಸ, ಹುಣಸೆಹಣ್ಣಿನ ಬದಲು ನೂಲಿನ ನೊಣ, ಎಂದಿದ್ದಳು. ಎಲ್ಲರೂ ನಕ್ಕರು. ಅವನೂ ನಕ್ಕ, ಎಲ್ಲರಿಗಿಂತ ಸ್ವಲ್ಪ ಹೆಚ್ಚೇ. ಆಮೇಲೆ ಪಾತ್ರೆ ತೊಳೆಯುವಾಗ ಒಂದು ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು, ನೀರು ಅದರ ಅಂಚಿನಿಂದ ಇಳಿದು ಹೋಗುವುದನ್ನು ನೋಡುತ್ತಾ ನಿಂತಿದ್ದ. ಅಲ್ಲಿಯೂ ಅವಳು ಕೇಳಿರಲಿಲ್ಲ. ತಟ್ಟೆ ಒರೆಸಲು ಬಟ್ಟೆ ಹಿಡಿದು ಕಾದಿದ್ದಳು.

ಕೋಲನ್ನು ಎರಡಾಗಿ ಬಿಚ್ಚಿ ಬಟ್ಟೆಯ ಚೀಲದಲ್ಲಿ ಹಾಕಬೇಕು. ಅವನು ಸಲೀಸಾಗಿ ಬಿಚ್ಚುತ್ತಿದ್ದ. ಅವಳು ಎಳೆದಳು, ತಿರುಚಿದಳು, ಸಾಬೂನು ಹಚ್ಚಿದಳು. ನಡುವಿನ ಕೀಲು ಬಿಗಿದುಕೊಂಡು ಕದಲಲಿಲ್ಲ. ಅತ್ತೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಅದಕ್ಕೇ ಹೋಗೋಕೆ ಮನಸ್ಸಿಲ್ಲ, ಎಂದರು. ಕೊನೆಗೆ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಕೋಲನ್ನು ಇದ್ದ ಉದ್ದಕ್ಕೇ ಹಿಡಿದು ಅವಳು ಬಸ್ ಹತ್ತಿದಳು.

ಬಸ್ಸಿನಲ್ಲಿ ಅದನ್ನು ನೆಟ್ಟಗೆ ಹಿಡಿದರೆ ಸೂರಿಗೆ ತಾಗುತ್ತಿತ್ತು, ಓರೆ ಮಾಡಿದರೆ ಯಾರದಾದರೂ ಕಿವಿಗೆ. ಕಂಡಕ್ಟರು, ಮೇಡಂ ಯಾರ ಕಣ್ಣಿಗೂ ಚುಚ್ಚದ ಹಾಗೆ ನೋಡ್ಕೊಳಿ ಮೇಡಂ, ಎಂದು ಮೇಡಂ ಎಂಬುದನ್ನು ಎರಡು ಸಲ ಹೇಳಿದ. ಪಕ್ಕದಲ್ಲಿ ನಿಂತ ಮುದುಕನೊಬ್ಬ ಅವಳನ್ನು ಮೇಲಿಂದ ಕೆಳಗೆ ನೋಡಿ, "ಬುಟ್ಟಿನೇ ತಂದಿಲ್ವಲ್ಲಮ್ಮ, ಹಿಡಿದದ್ದನ್ನ ಸೆರಗಲ್ಲಿ ಕಟ್ಕೊಂಡು ಬರ್ತೀಯಾ?" ಎಂದ. ಅವಳು ನಕ್ಕಳು. ನಗು ಸದ್ದಾಗಿಯೇ ಬಂತು; ಎಲ್ಲಿಂದ ಬಂತೋ ತಿಳಿಯಲಿಲ್ಲ. ಅದೇ ಹೊತ್ತಿಗೆ ಮುಂದಿನ ಸೀಟಿನ ಹೆಂಗಸು ತಿರುಗಿದಳು. ಗಂಡನ ಕಚೇರಿಯವಳು, ಅಂತ್ಯಕ್ರಿಯೆಯ ದಿನ ಅವಳನ್ನು ತಬ್ಬಿಕೊಂಡು, ಅವಳ ಪಾಲಿನದೂ ಸೇರಿಸಿ ಅತ್ತವಳು. ಆ ಕಣ್ಣು ಮೊದಲು ನಗುವಿನ ಮೇಲೆ ಬಿತ್ತು, ಆಮೇಲೆ ಕೋಲಿನ ಮೇಲೆ, ಆಮೇಲೆ ಬಹಳ ಸೌಜನ್ಯದಿಂದ ಕಿಟಕಿಯ ಕಡೆ ಹೋಯಿತು. ವಿವರಿಸಬೇಕು ಅನ್ನಿಸಿತು. ಏನೆಂದು? ಇದು ನಮ್ಮದಲ್ಲ, ಎಂದೇ? ನಗು ಮುಖದ ಮೇಲೆ ಇನ್ನೂ ಉಳಿದಿತ್ತು, ತೆಗೆಯಲು ಮರೆತ ಏಪ್ರನ್ನಿನ ಹಾಗೆ.

ಹಲ್ಲಿನ ಡಾಕ್ಟರನ್ನು ಗಂಡ ಗೆದ್ದುಕೊಂಡದ್ದು ಬಾಯಿಗೆ ಹತ್ತಿ ತುರುಕಿಸಿಕೊಂಡು. ಬುದ್ಧಿಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಾಗ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಸಾಲಾಗಿ ಚುಚ್ಚಿದ್ದ, ಮೀನಿಗೆ ಒಡ್ಡುವ ನಕಲಿ ನೊಣಗಳನ್ನು ನೋಡಿದ್ದನಂತೆ. ಎಲ್ಲವೂ ಡಾಕ್ಟರು ಹಲ್ಲಿನ ಚಿಮುಟದಲ್ಲೇ ಕಟ್ಟಿದ್ದು, ಗರಿ, ನೂಲು, ಮೊಲದ ಕೂದಲು. ಉತ್ತರ ಕೊಡಲಾಗದವನು ಸಿಕ್ಕಿದ್ದರಿಂದ ಡಾಕ್ಟರು ಪಾಠ ಶುರುಮಾಡಿದರಂತೆ. ಮನೆಗೆ ಬಂದ ಅವನು ಊದಿದ ಕೆನ್ನೆಯಲ್ಲೇ ಅವಳಿಗೆ ವರದಿ ಒಪ್ಪಿಸಿದ್ದ. ಎಲ್ಲರೂ ಮೀನು ನೀರಿನ ಮೇಲೆ ನೆಗೆಯೋದನ್ನ ನೋಡ್ತಾರೆ, ಆದರೆ ಅದು ಹೊಟ್ಟೆ ತುಂಬಿಸಿಕೊಳ್ಳೋದೆಲ್ಲ ಕೆಳಗೇ. ಆದ್ದರಿಂದ ಕಲಿಯುವವನು ಮುಳುಗುವ ನೊಣದಿಂದ ಶುರುಮಾಡಬೇಕು. ಹೊಳೆಗೆ ಅಡ್ಡವಾಗಿ, ಸ್ವಲ್ಪ ಹರಿವಿನ ಕಡೆಗೇ ಎಸೆದು ಸುಮ್ಮನೆ ಹಿಡಿದುಕೊಳ್ಳುವುದು. ನೀರೇ ಅದನ್ನು ಕಮಾನಿನ ಹಾಗೆ ತಿರುಗಿಸಿ ನಿನ್ನ ಕೆಳಗಿನ ದಡಕ್ಕೆ ತರುತ್ತದೆ, ಅರ್ಧ ಕೆಲಸ ಹೊಳೆಯದು. ಮೀನು ಕಚ್ಚಿದರೆ ಕೈಗೇ ಎಳೆತ ಗೊತ್ತಾಗುತ್ತದೆ. ಬಟ್ಟೆ ಒಣಹಾಕುವ ಹಗ್ಗವನ್ನು ಅಡುಗೆಮನೆಯ ನೆಲದ ಮೇಲೆ ಎಸೆದು ತೋರಿಸಿದ್ದ. ಅವಳು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಾ, ಹೂಂ, ಎಂದಿದ್ದಳು. ಈ ವರ್ಷ ಆ ಪಾಠದಲ್ಲಿ ಅವನಿಗೆ ಬಡ್ತಿ ಸಿಕ್ಕಿತ್ತು: ಮರಿಹುಳು. ರೆಕ್ಕೆ ಬರುವ ಮುಂಚೆ ಹೊಳೆಯ ತಳದಲ್ಲಿ, ಕಲ್ಲಿನ ಸಂದಿಯಲ್ಲಿ ತೆವಳುವ ಹುಳುವಿನ ನಕಲು. ಭಾರಕ್ಕೆ ತಂತಿ ಸುತ್ತಿದ್ದು. ಅದನ್ನು ಹರಿವಿಗೆ ಎದುರಾಗಿ ಎಸೆಯಬೇಕು, ನೀರಿನ ಜೊತೆಗೇ ಅದು ತಳ ಸವರಿಕೊಂಡು ಬರಬೇಕು, ದಾರ ಅದನ್ನು ಎಳೆಯಕೂಡದು. ಕಷ್ಟ ಎಂದಿದ್ದ. ಏನು ಕಷ್ಟ ಎಂದು ಹೇಳಲು ಹೊರಟಿದ್ದ. ಅಷ್ಟರಲ್ಲಿ ಫೋನು ಬಂತೋ, ಹಾಲು ಉಕ್ಕಿತೋ.

ಡಾಕ್ಟರ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯಾಕೆ ಕೋಲನ್ನು ನೋಡಿ, ಅವಳು ಬಾಯಿ ತೆರೆಯುವ ಮೊದಲೇ, ಸೇತುವೆ ಕೆಳಗೆ, ಎಂದು ಕೈ ತೋರಿಸಿದಳು. ಡಾಕ್ಟರು ಮೊಣಕಾಲುದ್ದದ ನೀರಿನಲ್ಲಿ ಬೆನ್ನು ಮಾಡಿ ನಿಂತಿದ್ದರು. ಅಂತ್ಯಕ್ರಿಯೆಗೆ ಬಂದಿದ್ದರು, ಕೊನೆಯ ಸಾಲಿನಲ್ಲಿ. ಎಲ್ಲರೂ ಅವಳ ಕೈ ಹಿಡಿದು ಹೋಗುವಾಗ ಅವರು ಮಾತ್ರ ಪಕ್ಕದ ಗೇಟಿನಿಂದ ಹೋಗಿದ್ದರು. ಅವಳು ಅದನ್ನು ಗಮನಿಸಿದ್ದಳು. ಈಗ ಜಲ್ಲಿಯ ಮೇಲೆ ಅವಳ ಹೆಜ್ಜೆ ಸದ್ದಿಗೆ ಅವರು ತಿರುಗಿ, ಅವಳನ್ನಲ್ಲ, ಕೋಲನ್ನು ನೋಡಿದರು.

"ಬಿಚ್ಚೋಕೆ ಆಗ್ಲಿಲ್ವಾ?"

"ಇಲ್ಲ. ಕೊಟ್ಟು ಹೋಗೋಣ ಅಂತ ಬಂದೆ, ಡಾಕ್ಟ್ರೇ."

ಅವರು ದಡಕ್ಕೆ ಬಂದರು, ಆದರೆ ಕೈ ಚಾಚಲಿಲ್ಲ. ಎರವಲು ಕೊಟ್ಟ ಕೋಲನ್ನು ಒಣಗಿದ ದಾರದ ಜೊತೆ ವಾಪಸ್ಸು ತೆಗೆದುಕೊಳ್ಳುವ ಅಭ್ಯಾಸ ತಮಗಿಲ್ಲ ಎಂದರು. ತಂದವರು ತಮ್ಮ ಕೈಯಾರೆ ಒಮ್ಮೆ ನೀರಿಗೆ ಬಿಟ್ಟು ತೋರಿಸಬೇಕು. ಎಲ್ಲಿ ಬಿರುಕು ಬಿಟ್ಟಿದೆ, ಯಾವ ಬಳೆ ಸಡಿಲವಾಗಿದೆ ಎಂದು ಆಗ ತಿಳಿಯುತ್ತದೆ. ತನಗೆ ಬರುವುದಿಲ್ಲ ಎಂದು ಅವಳು ಹೇಳಿದಳು. ನಿನ್ನ ಗಂಡನಿಗೂ ಬರ್ತಿರಲಿಲ್ಲ, ಎಂದರು. ಅದನ್ನು ಹೇಳಿ ನೀರಿನ ಕಡೆ ನೋಡಿದರು. "ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರಲ್ಲ. ನನ್ನ ಹೊಟ್ಟೆ ತುಂಬಿದ್ದು ಅವರಿಂದ. ಇವನಿಗೆ ಹಲ್ಲು ಚೆನ್ನಾಗೇ ಇತ್ತು, ಕಡಲೆನೇ ಸಿಗಲಿಲ್ಲ."

ತಮಾಷೆ ಅರ್ಧಕ್ಕೆ ನಿಂತಿತು. ಅವರು ಯಾಕೆ ಹೀಗೆ ಮಾಡುತ್ತಿದ್ದಾರೆ ಎಂದು ಅವಳು ಯೋಚಿಸಿದಳು. ಕೋಲನ್ನು ತೆಗೆದುಕೊಳ್ಳುವುದನ್ನು ಆದಷ್ಟು ಮುಂದಕ್ಕೆ ಹಾಕುತ್ತಿದ್ದಾರೆ ಎನ್ನಿಸಿತು. ಅವಳು ಚಪ್ಪಲಿ, ಚೀಲ ದಡದಲ್ಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ನೀರಿಗೆ ಇಳಿದಳು. ತಣ್ಣಗಿತ್ತು. ಇಷ್ಟು ದಿನದಲ್ಲಿ ಅವಳ ಮೈಗೆ ತಿಳಿದ ಮೊದಲ ಸಂಗತಿ ಅದು.

ಅವರು ದಾರದ ತುದಿಯ ಕಡೆಗೆ ಕೆಂಪು ಉಣ್ಣೆಯ ಒಂದು ಚೂರು ಕಟ್ಟಿದರು. ಹಲ್ಲು ಕೀಳುವ ಕೆಲಸ ಬಿಟ್ಟಿದ್ದರೂ ಅವರ ಬೆರಳುಗಳು ಒಂದೇ ಸಲಕ್ಕೆ ಗಂಟು ಬಿಗಿದವು. ಅದನ್ನೇ ನೋಡು, ಬೇರೇನೂ ನೋಡಬೇಡ, ಎಂದರು. ಮೊದಲ ಎಸೆತ ಅವಳ ಬೆನ್ನ ಹಿಂದಿನ ಪೊದೆಗೆ ಹೋಯಿತು. ಎರಡನೆಯದು ಕಾಲ ಬುಡಕ್ಕೇ. ಹಿಂದಕ್ಕೆ ಬೀಸಿದ ಮೇಲೆ ದಾರ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು, ಆಮೇಲೆ ಮುಂದಕ್ಕೆ. ಗೋಡೆಗೆ ಮೊಳೆ ಹೊಡೆದು ನಿಲ್ಲಿಸುವ ಹಾಗೆ ಕೈ ನಿಲ್ಲಿಸು, ಎಂದರು. ಆಮೇಲೊಮ್ಮೆ ಹುಳು ಹರಿವಿನ ಮೇಲ್ಗಡೆ, ಒಂದು ಬಂಡೆಯ ಪಕ್ಕದ ನೀರಿನಲ್ಲಿ, ಸದ್ದಿಲ್ಲದೆ ಬಿತ್ತು. ಕೆಂಪು ಚೂರು ತೇಲಿ ಅವಳ ಕಡೆ ಬರತೊಡಗಿತು. ಸಡಿಲವಾದ ದಾರವನ್ನು ಎಡಗೈಯಲ್ಲಿ ಎಳೆದುಕೊಳ್ಳುತ್ತಾ, ಕೋಲಿನ ತುದಿಯನ್ನು ಮೆಲ್ಲಗೆ ಮೇಲೆತ್ತುತ್ತಾ ಅವಳು ನೋಡಿದಳು. ನೊರೆ ಬಂತು, ಒಂದು ಎಲೆ ಬಂತು, ಚೂರು ಎಲೆಯ ಜೊತೆಯಲ್ಲೇ ಬಂತು. ಆಮೇಲೆ ಎಲೆ ಮುಂದೆ ಹೋಯಿತು. ಚೂರು ನಿಂತಿತ್ತು. ಇಷ್ಟೇ ಇಷ್ಟು. ಏನೋ ನೆನಪಾದವರ ಹಾಗೆ. ಆಮೇಲೆ ಅದೂ ಹೊರಟಿತು.

"ಹೋಯ್ತು," ಎಂದರು ಡಾಕ್ಟರು ದಡದಿಂದ.

"ಏನೂ ಎಳೀಲಿಲ್ಲವಲ್ಲ."

"ಎಳೆಯಲ್ಲ. ಕಲಿಯೋರೆಲ್ಲ ಮಾಡೋ ತಪ್ಪೇ ಅದು, ಎಳೆತಕ್ಕೆ ಕಾಯೋದು. ಮೀನು ಬಾಯಿಗೆ ತಗೊಳ್ಳತ್ತೆ, ಸುಳ್ಳು ಅಂತ ಗೊತ್ತಾಗ್ತಿದ್ದ ಹಾಗೆ ಉಗುಳತ್ತೆ. ದಾರ ನಿಂತದ್ದಷ್ಟೇ ನಿನಗೆ ಸಿಗೋದು. ನಿಂತ ತಕ್ಷಣ ಎತ್ತಬೇಕು."

ಅವಳು ಮತ್ತೆ ಎಸೆದಳು. ಮತ್ತೆ ಎಸೆದಳು. ಅವನ ಕಾಲು ಈ ಜಲ್ಲಿಯ ಮೇಲೆ ನಿಂತಿರಬೇಕು. ಅವನು ಹೇಳಲು ಹೊರಟಿದ್ದ ಕಷ್ಟ ಇದೇ ಇರಬೇಕು. ಚೂರು ಬಂಡೆಯ ಅದೇ ಪಕ್ಕದಲ್ಲಿ ಮತ್ತೆ ತಡೆಯಿತು. ಅವಳು ಎತ್ತಿದಳು. ಕೋಲು ಬಾಗಿತು. ಆದರೆ ಆ ತುದಿಯಲ್ಲಿ ಜೀವವಿರಲಿಲ್ಲ.

"ಕಲ್ಲು," ಎಂದರು. "ಬಹಳ ಸಲ ಕಲ್ಲೇ."

"ಕಲ್ಲೋ ಮೀನೋ ಅಂತ ಹೇಗೆ ಗೊತ್ತಾಗತ್ತೆ?"

"ಎತ್ತಿದ ಮೇಲೆ."

"ಎತ್ತದೆ ಇದ್ರೆ?"

ಅವಳು ಗಾಳವನ್ನು ಕಲ್ಲಿನಿಂದ ಬಿಡಿಸಿಕೊಂಡು ನೀರಿನಲ್ಲೇ ನಿಂತಳು. ಆ ಬೆಳಿಗ್ಗೆ ಅವನ ಕೈ ನಿಂತದ್ದೂ ಬರೀ ಕಲ್ಲೇ ಎಂದುಕೊಳ್ಳಬಹುದು. ಬಾಗಿಲ ಹತ್ತಿರ ಅವನು ಬಸ್ಸಿನ ಹೊತ್ತು ಲೆಕ್ಕ ಹಾಕುತ್ತಿದ್ದ, ಬೀಗದಕೈ ಎಲ್ಲಿಟ್ಟೆ ಎಂದು ಯೋಚಿಸುತ್ತಿದ್ದ; ಕೇಳಿದ್ದರೆ, ಏನಿಲ್ಲ, ಎನ್ನುತ್ತಿದ್ದ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವಳು ಅವಳು. ಇದನ್ನು ಎಷ್ಟು ಅಚ್ಚುಕಟ್ಟಾಗಿ ಜೋಡಿಸಬಹುದೆಂದು ಅವಳಿಗೆ ಗೊತ್ತಿತ್ತು. ಜೋಡಿಸಿ ನೋಡಿದಳು. ಕಾಲು ಮರಗಟ್ಟುತ್ತಿತ್ತು.

ದಡದಲ್ಲಿ ಡಾಕ್ಟರು ಕೊನೆಗೂ ಕೋಲನ್ನು ತೆಗೆದುಕೊಂಡರು. ತುದಿಯ ಬಳೆಯನ್ನು ಉಗುರಿನಿಂದ ಅಲುಗಿಸಿ ನೋಡಿದರು. ಇದು ಸಡಿಲ ಆಗಿದೆ, ಅಂಟು ಹಾಕಿಸೋಕೆ ಆ ಸಂಜೆ ತರ್ತೀನಿ ಅಂದಿದ್ದ, ಭಾನುವಾರದ ಮೀನಿಗೆ ಬೇಕು, ಶನಿವಾರವೇ ವಾಪಸ್ಸು ಕೊಡಿ ಅಂತ ಹಟ ಬೇರೆ, ಎಂದರು.

"ಮೀನು ಹಿಡಿಯೋದು ಬಿಡ್ತೀನಿ ಅಂದಿರಲಿಲ್ವಾ?"

"ಅವನಾ? ಬಿಡೋದಾ?" ಅವರು ಗಾಳದ ಹತ್ತಿರ ದಾರ ಕತ್ತರಿಸಿ ಆ ಹುಳುವನ್ನು ಅವಳ ಅಂಗೈಯಲ್ಲಿ ಇಟ್ಟರು. "ಕೋಲು ನಂದು. ಇದು ಅವನೇ ಕಟ್ಟಿದ್ದು. ನಾನು ಕಟ್ಟಿದ್ರೆ ಇಷ್ಟು ದಪ್ಪ ಇರ್ತಿರಲಿಲ್ಲ. ತಂತಿ ನೋಡು, ಯಾವುದೋ ಲಿಫ್ಟಿನ ಮೋಟಾರಿಂದು."

ಹುಳುವಿನ ಸೊಂಟದಲ್ಲಿ ತಂತಿ ಒಂದು ಸುತ್ತು ಹೆಚ್ಚಾಗಿ ಉಬ್ಬಿತ್ತು. ಅವಳು ಅದನ್ನು ಸ್ವೆಟರಿನ ತೋಳಿಗೆ, ಬೆಳಿಗ್ಗೆ ಅದು ತಾನಾಗಿ ಕಚ್ಚಿದ್ದ ಜಾಗದಲ್ಲೇ, ಸಿಕ್ಕಿಸಿದಳು. ಅತ್ತೆಗೆ ಕೊಡಬಹುದು. ಡಾಕ್ಟರು ಕೋಲನ್ನು ಮೊಣಕಾಲುಗಳ ಹಿಂದೆ ಅಡ್ಡ ಇಟ್ಟು, ಎರಡೂ ಕಡೆ ಹಿಡಿದು, ಮೊಣಕಾಲುಗಳನ್ನು ಅಗಲಿಸಿದರು. ಸಣ್ಣ ಸದ್ದಿನೊಂದಿಗೆ ಕೀಲು ಬಿಟ್ಟಿತು. ಎರಡು ತುಂಡುಗಳನ್ನೂ ಬಟ್ಟೆಯಿಂದ ಒರೆಸತೊಡಗಿದರು. ಹಿಡಿಯಿಂದ ತುದಿಗೆ, ಮತ್ತೆ ಹಿಡಿಯಿಂದ ತುದಿಗೆ. ನಡುವೆ ಬಟ್ಟೆ ನಿಂತಿತು.

ಇಷ್ಟೇ ಇಷ್ಟು. ಆಮೇಲೆ ಮತ್ತೆ ಹೊರಟಿತು.

"ಏನು ಡಾಕ್ಟ್ರೇ?"

"ಏನಿಲ್ಲಮ್ಮ." ಅವರು ತುಂಡುಗಳನ್ನು ಚೀಲದೊಳಗೆ ಇಳಿಸಿ ಅವಳ ಕೈಗೇ ಕೊಟ್ಟರು, ಲಾಡಿ ಕಟ್ಟಲು. ಅವಳು ಕಟ್ಟಿದಳು. ಕಟ್ಟಿ, ಕೊಡದೆ ಹಿಡಿದುಕೊಂಡಳು.

"ಏನೋ ಇದೆ. ಹೇಳಿ."

ಅವರು ಸೇತುವೆಯ ಮೇಲೆ ಹೋಗುತ್ತಿದ್ದ ವಾಹನಗಳನ್ನು ನೋಡಿದರು. ಅವರ ಬಾಯಿ ಏನನ್ನೋ ಅಗಿಯುವ ಹಾಗೆ ಆಡಿತು.

"ಭಾನುವಾರ ಇಲ್ಲಿಂದ ಹೋಗ್ತಾ ದವಡೆ ನೋಯುತ್ತೆ ಅಂದ. ಎಡಗಡೆ, ಕೆಳಗೆ. ಮನೇಲಿ ಹಳೇ ಕುರ್ಚಿ ಇನ್ನೂ ಇದೆ, ಕೂರಿಸಿ ದೀಪ ಹಾಕಿ ನೋಡಿದೆ. ಒಂದೊಂದೇ ಹಲ್ಲು ತಟ್ಟಿ ನೋಡಿದೆ. ಎಲ್ಲ ಗಟ್ಟಿ ಇತ್ತು. ಕೋಲು ಬೀಸೋವಾಗ ಹಲ್ಲು ಕಚ್ಚಬೇಡ ಕಣೋ ಅಂದೆ." ಒರೆಸಿದ ಬಟ್ಟೆಯನ್ನು ಮಡಚುತ್ತಾ, "ಎದೆಯ ನೋವು ದವಡೆಗೆ ಬರತ್ತೆ ಅನ್ನೋದು ನಾವೂ ಓದಿದ್ದೇ. ನಾನು ಹಲ್ಲು ನೋಡಿದೆ," ಎಂದರು.

ಹೊಳೆ ಅದೇ ಸದ್ದು ಮಾಡುತ್ತಿತ್ತು. ಅವಳಿಗೆ ಅವರನ್ನು ಹೊಡೆಯಬೇಕು ಎನ್ನಿಸಿತು. ಚೀಲದ ಮೇಲೆ ಬೆರಳು ಬಿಗಿದವು, ಒಳಗೆ ಎರಡು ತುಂಡುಗಳು ಒಂದಕ್ಕೊಂದು ತಾಗಿದವು. ಆಮೇಲೆ ತನ್ನ ಮುಖ ಒದ್ದೆಯಾಗಿದೆ ಎಂದು ತಿಳಿಯಿತು, ಗಾಳಿ ಬೀಸಿದ್ದರಿಂದ. ಅವಳು ಒರೆಸಿಕೊಳ್ಳಲಿಲ್ಲ.

"ಬಾಗಿಲ ಹತ್ತಿರ ಕೈ ಹೀಗಿಟ್ಕೊಂಡು ನಿಂತಿದ್ರು," ಎಂದಳು. ತನ್ನ ದವಡೆಯ ಮೇಲೆ ಕೈಯಿಟ್ಟು ತೋರಿಸಿದಳು. "ಆ ಬೆಳಿಗ್ಗೆ. ನಾನು ನೋಡಿದೆ. ಗಡ್ಡ ಹೆರೆದದ್ದು ಸರಿಯಾಗಿಲ್ವೇನೋ ಅಂದ್ಕೊಂಡೆ."

ಡಾಕ್ಟರು ಅವಳ ದವಡೆಯ ಮೇಲಿದ್ದ ಕೈಯನ್ನು ನೋಡಿದರು, ಅದು ಎಡಗಡೆಯೇ ಎಂದು ಖಚಿತಪಡಿಸಿಕೊಳ್ಳುವವರ ಹಾಗೆ. ಹೌದೆಂದು ತಲೆಯಾಡಿಸಿದರು. ಅವಳು ಚೀಲವನ್ನು ಮುಂದಕ್ಕೆ ಚಾಚಿದಳು. ಅವರು ಇನ್ನೊಂದು ತುದಿ ಹಿಡಿದುಕೊಂಡರು. ಅವರು ಎಳೆಯಲಿಲ್ಲ. ಅವಳೂ ಎಳೆಯಲಿಲ್ಲ. ಬಟ್ಟೆಯೊಳಗೆ ಕೋಲು ಇಬ್ಬರ ಕೈಗಳ ನಡುವೆ ಹಗುರವಾಗಿ ಇತ್ತು. ಆಮೇಲೆ ಅವಳು ಕೈ ಬಿಟ್ಟಳು.